ಕಾಯಕಲ್ಪ ಪ್ರಶಸ್ತಿ: ನೆಲ ಹೊಳೆಯಿತು, ಮುಂದೇನು?

ಕೆಲವು ವರ್ಷಗಳ ಹಿಂದೆ ಒಂದು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ನಾವು ಒಂದು ರಾತ್ರಿ ಕಳೆಯಬೇಕಾಯಿತು. ತಂಗಿಯ ಮಗಳಿಗೆ ಚೊಚ್ಚಲ ಹೆರಿಗೆ. ಆಸ್ಪತ್ರೆಯ ಹೆಬ್ಬಾಗಿಲ ಮೇಲೆ ‘ಕಾಯಕಲ್ಪ ಪ್ರಶಸ್ತಿ ಪುರಸ್ಕೃತ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಒಳಗೆ ಗಾಜಿನ ಕಪಾಟಿನಲ್ಲಿ ಫಲಕ, ಅದರ ಪಕ್ಕದಲ್ಲಿ ಮಂತ್ರಿಗಳಿಂದ ಅದನ್ನು ಸ್ವೀಕರಿಸುತ್ತಿರುವ ಫೋಟೋ. ನೆಲ ಹೊಳೆಯುತ್ತಿತ್ತು. ಹಳದಿ, ಕೆಂಪು, ನೀಲಿ ಬುಟ್ಟಿಗಳು ಸಾಲಾಗಿ ನಿಂತಿದ್ದವು. ಇದೇ ಆಸ್ಪತ್ರೆಗೆ ಹಿಂದೊಮ್ಮೆ ಮೂಗು ಮುಚ್ಚಿಕೊಂಡು ಬಂದು ಹೋಗಿದ್ದ ನಮಗೆ ನಿಜಕ್ಕೂ ಸಂತೋಷವಾಯಿತು.

ಬೆಳಗಿನ ಜಾವ ಮಗು ಹುಟ್ಟಿತು. ಬಾಗಿಲನ್ನು ಅರ್ಧ ಮಾತ್ರ ತೆರೆದ ಆಯಾ, “ಹೆಣ್ಣು ಮಗು ಕಣಮ್ಮಾ, ಐನೂರು ಕೊಡಿ. ಗಂಡಾಗಿದ್ದರೆ ಸಾವಿರ ಕೇಳ್ತಿದ್ದೆ” ಎಂದಳು. ತಂಗಿ ಮರುಮಾತಾಡದೆ ಸೆರಗಿನ ಗಂಟು ಬಿಚ್ಚಿದಳು. ನಮಗೆ ಸಿಟ್ಟು ಬಂದದ್ದನ್ನು ನೋಡಿ ಆಯಾ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು: “ನಾವು ಗುತ್ತಿಗೆಯವರು ಸ್ವಾಮಿ, ಮೂರು ತಿಂಗಳಿಂದ ಸಂಬಳ ಆಗಿಲ್ಲ.” ಹೊಳೆಯುವ ಆ ನೆಲವನ್ನು ಸಂಜೆ ಒರೆಸಿದವಳೂ ಅವಳೇ ಎಂಬುದು ಆಗ ನೆನಪಾಯಿತು.

ಆ ರಾತ್ರಿಯಿಂದ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಆ ಫಲಕಕ್ಕಾಗಿ ಅಂಕ ಹಾಕಿದವರ ಪುಸ್ತಕದಲ್ಲಿ ಈ ಐನೂರು ರೂಪಾಯಿ ಎಲ್ಲಿ ಬರುತ್ತದೆ? ಬಾರದ ಆ ಸಂಬಳ ಎಲ್ಲಿ ಬರುತ್ತದೆ? ಕತೆ ಬರೆಯುವವರಿಗೆ ಯಾವ ಬರಹ ಸಿಕ್ಕರೂ ಅದನ್ನು ಕತೆಯಂತೆ ಓದುವ ಚಾಳಿ. ಇದರಲ್ಲಿ ಯಾರಿದ್ದಾರೆ, ಯಾರಿಲ್ಲ, ಯಾರ ಮಾತಿಗೆ ಎಷ್ಟು ಜಾಗ ಎಂದು ನೋಡುತ್ತೇವೆ. ಕಾಯಕಲ್ಪದ ಮಾರ್ಗಸೂಚಿಯನ್ನು ನಾವು ಓದಿದ್ದೂ ಹಾಗೆಯೇ.

*

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ 2015ರ ಮೇ 15ರಂದು ಕಾಯಕಲ್ಪ ಯೋಜನೆಯನ್ನು ಆರಂಭಿಸಿತು. ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ, ನೈರ್ಮಲ್ಯ ಮತ್ತು ಸೋಂಕು ನಿಯಂತ್ರಣಕ್ಕೆ ಕೊಡುವ ಪ್ರಶಸ್ತಿ ಇದು. ಅಂಕ ಹಾಕುವ ಕ್ರಮ ಮೂರು ಹಂತದ್ದು. ಮೊದಲು ಆಸ್ಪತ್ರೆಯವರೇ ತಮ್ಮನ್ನು ಅಳೆದುಕೊಳ್ಳಬೇಕು, ನಂತರ ಬೇರೊಂದು ಆಸ್ಪತ್ರೆಯ ತಂಡ ಬಂದು ಅಳೆಯಬೇಕು, ಕೊನೆಗೆ ಹೊರಗಿನ ಪರೀಕ್ಷಕರು. ನೂರಕ್ಕೆ 70 ದಾಟಿದವರು ಪ್ರಶಸ್ತಿಗೆ ಅರ್ಹರು. ಯೋಜನೆಯ ಮೂಲ ರೂಪದಲ್ಲಿ ರಾಜ್ಯದ ಅತ್ಯುತ್ತಮ ಜಿಲ್ಲಾಸ್ಪತ್ರೆಗೆ 50 ಲಕ್ಷ ರೂಪಾಯಿ, ತಾಲೂಕು ಮತ್ತು ಸಮುದಾಯ ಆಸ್ಪತ್ರೆಗಳಲ್ಲಿ ಮೊದಲನೆಯದಕ್ಕೆ 15 ಲಕ್ಷ, ಪ್ರತಿ ಜಿಲ್ಲೆಯ ಅತ್ಯುತ್ತಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2 ಲಕ್ಷ. ಗೆಲ್ಲದೆ 70 ದಾಟಿದವರಿಗೂ ಸಮಾಧಾನದ ಮೊತ್ತವುಂಟು. ಹಣದ ಮುಕ್ಕಾಲು ಪಾಲು ಆಸ್ಪತ್ರೆಯ ಸೌಕರ್ಯಕ್ಕೆ, ಕಾಲು ಪಾಲು ಸಿಬ್ಬಂದಿಗೆ.

ಸರ್ಕಾರಿ ದವಾಖಾನೆ ಎಂದರೆ ಗಲೀಜು ಎಂದೇ ನಂಬಿ ಬೆಳೆದವರು ನಾವು. ಸೂಜಿ ಒಂದು ಕಡೆ, ರಕ್ತದ ಹತ್ತಿ ಇನ್ನೊಂದು ಕಡೆ, ನಾಯಿ ಮತ್ತೊಂದು ಕಡೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬಣ್ಣದ ಬುಟ್ಟಿಗಳನ್ನು ಕಡ್ಡಾಯ ಮಾಡಿದವು. ಕಾಯಕಲ್ಪವು ಆ ಬುಟ್ಟಿಗಳಿಗೆ ಅಂಕ ಕೊಟ್ಟಿತು. ಕಡ್ಡಾಯ ಎಂದಾಗ ಆಗದ ಕೆಲಸ ಅಂಕ ಎಂದಾಗ ಆಗುವುದುಂಟು. ಯಾವುದೋ ಮೂಲೆಯ ಆರೋಗ್ಯ ಕೇಂದ್ರದ ನರ್ಸೊಬ್ಬಳು ತನ್ನ ಕೇಂದ್ರಕ್ಕೂ ಫಲಕ ಬರಬಹುದೆಂದು ಕನಸು ಕಾಣುವಂತಾದದ್ದು ಸಣ್ಣ ಸಂಗತಿಯಲ್ಲ. ಜಿಲ್ಲೆಗೊಂದು ಪ್ರಶಸ್ತಿ ಎಂದು ಇಟ್ಟದ್ದರಿಂದ ಸಣ್ಣವರು ದೊಡ್ಡವರೊಡನೆ ಓಡಿ ಸೋಲುವುದು ತಪ್ಪಿತು. ಇದನ್ನು ರೂಪಿಸಿದವರು ಯೋಚಿಸಿಯೇ ರೂಪಿಸಿದ್ದಾರೆ.

ಹೆಸರೂ ಚೆನ್ನಾಗಿದೆ. ಕಾಯಕಲ್ಪವೆಂದರೆ ಮುಪ್ಪಾದ ದೇಹಕ್ಕೆ ಹೊಸತನ ತರುವ ಹಳೆಯ ಚಿಕಿತ್ಸೆ. ಕನ್ನಡದ ಕಿವಿಗೆ ಅದರೊಳಗೆ ‘ಕಾಯಕ’ವೂ ಕೇಳಿಸುತ್ತದೆ. ಹನ್ನೆರಡನೆಯ ಶತಮಾನದ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದಾಗಿತ್ತು. ಗುಡಿಸಿದವಳನ್ನೇ ಶರಣರು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ನಮ್ಮ ಕಾಯಕಲ್ಪ ಗುಡಿಸಿದವಳನ್ನು ಎಲ್ಲಿ ಕೂರಿಸಿದೆ?

*

ಪುಸ್ತಕದ ಲೆಕ್ಕ ಹೀಗಿದೆ. ಜಿಲ್ಲಾಸ್ಪತ್ರೆಗೆಂದು ಮೊದಲು ರೂಪಿಸಿದ ಪಟ್ಟಿಯಲ್ಲಿ ಆರು ವಿಭಾಗಗಳು. ಆಸ್ಪತ್ರೆಯ ನಿರ್ವಹಣೆಗೆ 100, ನೈರ್ಮಲ್ಯಕ್ಕೆ 100, ತ್ಯಾಜ್ಯ ವಿಲೇವಾರಿಗೆ 100, ಸೋಂಕು ನಿಯಂತ್ರಣಕ್ಕೆ 100, ಪೂರಕ ಸೇವೆಗಳಿಗೆ 50, ಶುಚಿತ್ವದ ಪ್ರಚಾರಕ್ಕೆ 50. ಒಟ್ಟು 500. ಈ ಆರರೊಳಗೆ ತಲಾ ಹತ್ತು ಅಂಕಗಳ ಐವತ್ತು ತಲೆಬರಹಗಳು. ಪ್ರತಿ ತಲೆಬರಹದ ಕೆಳಗೆ ಐದು ಪ್ರಶ್ನೆಗಳು, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು.

ಇಲ್ಲಿಯೇ ನಮಗೆ ಮೊದಲ ಎಡವು. ಹೂದೋಟ ಮತ್ತು ಹುಲ್ಲುಹಾಸಿಗೆ ಒಂದು ತಲೆಬರಹ, ಹತ್ತು ಅಂಕ. ಕಟ್ಟಡದ ಹೊರನೋಟಕ್ಕೆ ಹತ್ತು. ಹಳೆಯ ಗುಜರಿ ಸಾಗಿಸಿದ್ದಕ್ಕೆ ಹತ್ತು. ವೈದ್ಯರು, ನರ್ಸುಗಳು ಕೈ ತೊಳೆಯುವುದಕ್ಕೂ ಹತ್ತೇ. ಹೂದೋಟ ಬೇಡವೆನ್ನುವ ಅರಸಿಕರು ನಾವಲ್ಲ. ಕಾಯಿಲೆಯವರ ಕಣ್ಣಿಗೆ ಹಸಿರು ಕಂಡರೆ ಒಳ್ಳೆಯದೇ. ಆದರೆ ತೋಟ ಒಣಗಿದರೆ ಯಾರೂ ಸಾಯುವುದಿಲ್ಲ, ಕೈ ತೊಳೆಯದಿದ್ದರೆ ಸಾಯುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬುದ್ಧಿವಂತ ಆಡಳಿತಾಧಿಕಾರಿ ಏನು ಮಾಡುತ್ತಾನೆ? ಸುಲಭವಾದದ್ದನ್ನು ಮೊದಲು ಮಾಡುತ್ತಾನೆ. ಕುಂಡಗಳನ್ನು ಒಂದು ದಿನದಲ್ಲಿ ತರಿಸಬಹುದು. ಕೈ ತೊಳೆಯುವ ಅಭ್ಯಾಸವನ್ನು ಯಾವ ಅಂಗಡಿಯಿಂದಲೂ ತರಿಸಲಾಗದು.

ಕೈ ತೊಳೆಯುವುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಒಂದು ಹಳೆಯ ಸಂಗತಿ ನೆನೆಯಬೇಕು. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಅಲ್ಲಿಗೆ ಸೇರಿಸಬೇಡಿ ಎಂದು ಹೆಂಗಸರು ಅಂಗಲಾಚುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ಮಾಡಿಸಲು ಬರುತ್ತಿರುವುದೇ ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಕಂಡುಕೊಂಡ. 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ. 1846ರಲ್ಲಿ ನೂರಕ್ಕೆ ಹನ್ನೊಂದರಷ್ಟಿದ್ದ ಸಾವು 1848ರಲ್ಲಿ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಅವನಿಗೆ ಸಿಕ್ಕಿದ್ದೇನು? ತಮ್ಮ ಕೈ ಕೊಳಕು ಎಂದವನನ್ನು ದೊಡ್ಡ ವೈದ್ಯರು ಸಹಿಸಲಿಲ್ಲ. ಅವನ ಕೆಲಸ ಮುಂದುವರಿಯಲಿಲ್ಲ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ.

ಆಸ್ಪತ್ರೆಯ ಗುಣಮಟ್ಟದ ಇತಿಹಾಸ ಶುರುವಾಗುವುದು ಇಂಥ ಮನುಷ್ಯನಿಂದ. ಅವನು ತಂದ ಸುದ್ದಿ ಆಸ್ಪತ್ರೆಗೆ ಹಿತವಾಗಿರಲಿಲ್ಲ. ಪ್ರಶಸ್ತಿಗಳು ಹಿತವಾದ ಸುದ್ದಿಯನ್ನು ಹುಡುಕುತ್ತವೆ. ನಮ್ಮಲ್ಲಿ ಇಂದು ಸೋಂಕಿನ ಪ್ರಕರಣವನ್ನು ಮುಚ್ಚದೆ ದಾಖಲಿಸಿದ ನರ್ಸಿಗೆ ಅಂಕ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಫಲಕವನ್ನೂ ಪೂರ್ತಿ ನಂಬುವುದು ಕಷ್ಟ.

ಎರಡನೆಯ ಎಡವು ಆಯಾಳದ್ದು. ಹೊರಗುತ್ತಿಗೆಯ ಕೆಲಸದ ಮೇಲೆ ಆಸ್ಪತ್ರೆ ಹೇಗೆ ನಿಗಾ ಇಡುತ್ತದೆ ಎಂಬುದಕ್ಕೆ ಪುಸ್ತಕದಲ್ಲಿ ಹತ್ತು ಅಂಕವಿದೆ. ಸಿಬ್ಬಂದಿಯ ಶುಚಿತ್ವಕ್ಕೆ ಮತ್ತು ಸಮವಸ್ತ್ರಕ್ಕೆ ಹತ್ತು ಅಂಕವಿದೆ. ಆದರೆ ಐವತ್ತು ತಲೆಬರಹಗಳಲ್ಲಿ ಅವಳ ಸಂಬಳದ ಹೆಸರಿನ ತಲೆಬರಹ ಒಂದೂ ಇಲ್ಲ. ಸಮವಸ್ತ್ರ ಕಣ್ಣಿಗೆ ಕಾಣುತ್ತದೆ, ಬಾರದ ಸಂಬಳ ಕಾಣುವುದಿಲ್ಲ. ಆಸ್ಪತ್ರೆ ಅವಳಿಗೆ ಕೊಡದೆ ಉಳಿಸಿಕೊಂಡದ್ದನ್ನು ಅವಳು ಬಾಗಿಲಲ್ಲಿ ನಿಂತು ನಮ್ಮ ತಂಗಿಯಿಂದ ವಸೂಲು ಮಾಡಿದಳು. ಒಬ್ಬ ಬಡವಳ ಸಂಬಳವನ್ನು ಇನ್ನೊಬ್ಬ ಬಡವಳು ತುಂಬಿಕೊಟ್ಟಳು. ಮಧ್ಯದಲ್ಲಿ ನೆಲ ಮಾತ್ರ ಹೊಳೆಯಿತು.

ನ್ಯಾಯವಾಗಿ ಹೇಳಬೇಕೆಂದರೆ ಸರ್ಕಾರದ ಬಳಿ ಇದಕ್ಕಿಂತ ಆಳವಾದ ಅಳತೆಗೋಲುಗಳೂ ಇವೆ. 2013ರ ರಾಷ್ಟ್ರೀಯ ಗುಣಮಟ್ಟ ಮಾನದಂಡಗಳು ರೋಗಿಯ ಹಕ್ಕು, ಚಿಕಿತ್ಸೆ, ಫಲಿತಾಂಶ ಎಲ್ಲವನ್ನೂ ಒಳಗೊಂಡ ಎಂಟು ವಿಭಾಗಗಳಲ್ಲಿ ಆಸ್ಪತ್ರೆಯನ್ನು ಪರೀಕ್ಷಿಸುತ್ತವೆ. 2017ರ ಡಿಸೆಂಬರಿನಲ್ಲಿ ಬಂದ ‘ಲಕ್ಷ್ಯ’ ಯೋಜನೆ ಹೆರಿಗೆ ಕೋಣೆಯನ್ನೇ ಗುರಿಯಾಗಿಟ್ಟುಕೊಂಡು, ಹೆರುವವಳನ್ನು ಗೌರವದಿಂದ ಕಾಣಬೇಕೆಂದು ಹೇಳಿ, ಅಂಕಕ್ಕೆ ತಕ್ಕಂತೆ ಪ್ಲಾಟಿನಂ, ಚಿನ್ನ, ಬೆಳ್ಳಿಯ ಪದಕ ಕೊಡುತ್ತದೆ. ಇವು ಒಳ್ಳೆಯ ಹೆಜ್ಜೆಗಳು. ಆದರೂ ಊರಿನವರ ಕಣ್ಣಿಗೆ ಬೀಳುವುದು ಹೆಬ್ಬಾಗಿಲ ಮೇಲಿನ ಕಾಯಕಲ್ಪವೇ. ಸ್ವಚ್ಛತೆಯ ಪ್ರಶಸ್ತಿಯನ್ನು ಜನ ಚಿಕಿತ್ಸೆಯ ಪ್ರಶಸ್ತಿ ಎಂದು ಓದಿಕೊಳ್ಳುತ್ತಾರೆ. ಆ ತಪ್ಪು ಓದನ್ನು ತಿದ್ದಲು ಯಾರಿಗೂ ಅವಸರವಿಲ್ಲ.

*

ಮೂರನೆಯ ಮಾತು ಸ್ವಲ್ಪ ಕಹಿಯಾದದ್ದು. ಸರ್ಕಾರಿ ಆಸ್ಪತ್ರೆಯ ಯಜಮಾನ ಸರ್ಕಾರ. ಹುದ್ದೆ ತುಂಬುವುದು ಸರ್ಕಾರ, ಔಷಧ ಕೊಳ್ಳುವುದು ಸರ್ಕಾರ, ಅಂಕ ಹಾಕಿಸುವುದು ಸರ್ಕಾರ, ಫಲಕ ಕೊಡುವುದೂ ಸರ್ಕಾರ. ಮನೆಯ ಯಜಮಾನ ತನ್ನ ಮಕ್ಕಳಲ್ಲಿ ಯಾರು ಚೊಕ್ಕಟ ಎಂದು ಸ್ಪರ್ಧೆ ಇಡಬಹುದು. ಆದರೆ ಸಾಬೂನು ತಂದುಕೊಡಬೇಕಾದವನು ತಾನೇ ಎಂಬುದನ್ನು ಅವನು ಮರೆಯಬಾರದು. ಸಾಬೂನು ತಾರದ ತಂದೆಗೆ ಸೊನ್ನೆ ಹಾಕುವ ಕಲಂ ಈ ಪುಸ್ತಕದಲ್ಲಿಲ್ಲ.

ಇದು ಬರಿಯ ಮಾತಿನ ಚಮತ್ಕಾರವಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಆರೋಗ್ಯ ಒಬ್ಬರ ಹಿಂದೆ ಒಬ್ಬರಂತೆ ಕೆಟ್ಟಿತು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಶಂಕೆ ಬಿದ್ದದ್ದು ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ಬಾಟಲಿಗಳನ್ನು ಕೊಂಡದ್ದು ವಾರ್ಡಿನ ನರ್ಸಲ್ಲ, ಆಸ್ಪತ್ರೆಯ ಮುಖ್ಯಸ್ಥರೂ ಅಲ್ಲ. ಜಿಲ್ಲೆಗಳಿಗೆ ಔಷಧ ಕೊಂಡು ಕಳಿಸಲು ಬೆಂಗಳೂರಿನಲ್ಲೊಂದು ನಿಗಮವೇ ಇದೆ. ನೆಲ ಎಷ್ಟೇ ಚೊಕ್ಕಟವಾಗಿರಲಿ, ಕಂಪೌಂಡಿನ ಆಚೆಯಿಂದ ಬಂದ ಬಾಟಲಿಯನ್ನು ಸ್ವಚ್ಛತೆಯ ಅಂಕಪಟ್ಟಿ ತಡೆಯಲಾರದು. ಕಾಯಕಲ್ಪಕ್ಕೆ ಗೇಟಿನೊಳಗಿನದು ಮಾತ್ರ ಕಾಣುತ್ತದೆ. ತಾಯಂದಿರ ಸಾವಿಗೆ ಗೇಟಿನ ಹೊರಗಿನ ಕಾರಣಗಳೂ ಇರುತ್ತವೆ.

ಅಂಕಿಗಳೂ ಅದನ್ನೇ ಹೇಳುತ್ತವೆ. 2018-20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69. ದೇಶದ ಸರಾಸರಿಗಿಂತ ಕಡಿಮೆ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಅದೇ ಲೆಕ್ಕದಲ್ಲಿ ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ಈ ಐದು ರಾಜ್ಯಗಳಲ್ಲಿ ನಮ್ಮದೇ ಕೊನೆಯ ಸ್ಥಾನ. ಫಲಕಗಳ ಸಂಖ್ಯೆ ಲೆಕ್ಕ ಹಾಕುವ ಮೊದಲು ಈ ಅಂಕಿಗಳನ್ನು ಪ್ರತಿ ಆಸ್ಪತ್ರೆಯ ಹೆಬ್ಬಾಗಿಲಿನಲ್ಲಿ ಬರೆಸಬೇಕಿತ್ತು.

ಊರಿನ ಆರೋಗ್ಯವೆಂದರೆ ಆಸ್ಪತ್ರೆಯ ಕಟ್ಟಡವಲ್ಲ ಎಂಬುದನ್ನು ಬೇರೆಡೆಯ ಪ್ರಶಸ್ತಿಗಳು ಬೇಗ ಕಂಡುಕೊಂಡವು. ಅಮೆರಿಕದ ಆಸ್ಪತ್ರೆಗಳ ಸಂಘ 1986ರಿಂದ ಕೊಡುತ್ತ ಬಂದ ಫಾಸ್ಟರ್ ಮೆಗಾ ಹೆಸರಿನ ಒಂದು ಲಕ್ಷ ಡಾಲರ್ ಪ್ರಶಸ್ತಿಯನ್ನು ಇಟ್ಟದ್ದೇ ಆಸ್ಪತ್ರೆ ತನ್ನ ಗೋಡೆಯ ಹೊರಗಿನ ಜನರ ಆರೋಗ್ಯಕ್ಕೆ ಏನು ಮಾಡಿತು ಎಂದು ನೋಡಲು. ಆದರೆ ಆಸ್ಪತ್ರೆಯ ಬಿಲ್ಲಿಗೆ ಹೆದರಿ ಬದುಕುವ ಜನ ಅದೇ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ. ಪ್ರಶಸ್ತಿ ಒಳ್ಳೆಯವರನ್ನು ತೋರಿಸಬಲ್ಲದು, ವ್ಯವಸ್ಥೆಯನ್ನು ತಿದ್ದಲಾರದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಕಾಯಕಲ್ಪಕ್ಕೂ ಮುಂದೆ ‘ಆಸ್ಪತ್ರೆಯ ಗಡಿಯಾಚೆ’ ಎಂಬ ಏಳನೆಯ ವಿಭಾಗ ಸೇರಿತು. ಅದು ಸುತ್ತಲಿನ ಪರಿಸರದ ಸ್ವಚ್ಛತೆಯನ್ನು ನೋಡುತ್ತದೆ. ಗಡಿಯಾಚೆಯ ಮನುಷ್ಯರನ್ನು ನೋಡುವ ವಿಭಾಗ ಇನ್ನೂ ಬರಬೇಕಿದೆ.

ಗಡಿಯಾಚೆ ನಡೆದು ನಡೆದು ಚಪ್ಪಲಿ ಸವೆಸಿದವರು ಆಶಾ ಕಾರ್ಯಕರ್ತೆಯರು. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಹುಟ್ಟಿದ ಈ ಪಡೆಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಬಂತು. ದೇಶವೆಲ್ಲ ಚಪ್ಪಾಳೆ ತಟ್ಟಿತು. 2025ರ ಜನವರಿಯ ಚಳಿಯಲ್ಲಿ ಅದೇ ಆಶಾ ಅಕ್ಕಂದಿರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿ ಹಗಲು ಕುಳಿತು, ತಿಂಗಳಿಗೆ 15 ಸಾವಿರ ರೂಪಾಯಿ ಖಚಿತ ಗೌರವಧನ ಕೊಡಿ ಎಂದು ಕೇಳಬೇಕಾಯಿತು. ಅವರ ಕೆಲಸಕ್ಕೆ ‘ಸಂಬಳ’ ಎಂಬ ಪದವೂ ಇಲ್ಲ, ‘ಗೌರವಧನ’. ಪ್ರಶಸ್ತಿಯ ಭಾಷೆಯೇ ಅದು. ಕೂಲಿ ಕೇಳುವವರಿಗೆ ಗೌರವ ಕೊಟ್ಟು ಕಳಿಸುವುದು.

*

ಇಷ್ಟು ಹೊತ್ತು ಸರ್ಕಾರವನ್ನು ಬೈದೆವು. ಈಗ ನಮ್ಮ ಕಡೆ ತಿರುಗೋಣ. ಈ ಪತ್ರಿಕೆಯ ಓದುಗರು ವೇದಿಕೆಗಳ ಮೇಲೆ ಪದೇ ಪದೇ ಕೇಳಿರುವ ಒಂದು ಹೆಮ್ಮೆಯ ಮಾತುಂಟು: ಜಗತ್ತಿಗೆ ಆಸ್ಪತ್ರೆಯನ್ನು ಕಲಿಸಿದವರು ನಾವು ಎಂಬುದು. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಬೀಮಾರಿಸ್ತಾನಕ್ಕೆ ವಕ್ಫ್ ಆಸ್ತಿಯ ಆದಾಯವಿತ್ತು. ಬಡವ ಬಲ್ಲಿದ, ಗಂಡು ಹೆಣ್ಣು ಎನ್ನದೆ ಅಲ್ಲಿ ಚಿಕಿತ್ಸೆ ಸಿಗುತ್ತಿತ್ತು. ಗುಣವಾಗಿ ಹೊರಡುವ ಬಡವನಿಗೆ, ಕೂಲಿಗೆ ಹೋಗಲಾಗದ ದಿನಗಳಿಗೆಂದು ಕೈಯಲ್ಲಿಷ್ಟು ಹಣ ಕೊಟ್ಟು ಕಳಿಸುತ್ತಿದ್ದರೆಂದೂ ಇತಿಹಾಸಕಾರರು ಬರೆಯುತ್ತಾರೆ. ಯೋಚಿಸಿ ನೋಡಿ. ಏಳುನೂರು ವರ್ಷಗಳ ಹಿಂದೆ ಆಸ್ಪತ್ರೆಯೇ ರೋಗಿಗೆ ದುಡ್ಡು ಕೊಟ್ಟು ಕಳಿಸುತ್ತಿತ್ತು. ಇಂದು ಮಗುವಿನ ಮುಖ ನೋಡಲು ನಾವು ಬಕ್ಷೀಸು ಕೊಡಬೇಕು.

ಆದರೆ ಕಲಾವೂನನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ನಾವು ನಮ್ಮ ಊರಿನ ವಕ್ಫ್ ಜಾಗವನ್ನು ಒಮ್ಮೆ ನೋಡಿಕೊಳ್ಳೋಣ. ಅದರ ಮೇಲೆ ಅಂಗಡಿ ಮಳಿಗೆಗಳೆಷ್ಟು, ದವಾಖಾನೆಗಳೆಷ್ಟು? ಶಾದಿ ಮಹಲುಗಳೆಷ್ಟು, ಹೆರಿಗೆ ಮನೆಗಳೆಷ್ಟು? ಸಮುದಾಯದ ಹೆಸರಿನ ಸಂಸ್ಥೆಗಳು ವರ್ಷಕ್ಕೊಮ್ಮೆ ‘ಆರೋಗ್ಯ ಸೇವಾ ರತ್ನ’ದಂಥ ಬಿರುದುಗಳನ್ನು ಹಂಚುತ್ತವೆ. ಶಾಲು, ಹಾರ, ಫಲಕ, ಫೋಟೋ. ಆ ಶಾಲುಗಳ ದುಡ್ಡಿನಲ್ಲಿ ಎಷ್ಟು ಮಂದಿ ಬಸುರಿಯರ ರಕ್ತಹೀನತೆಗೆ ಔಷಧಿ ಬರುತ್ತಿತ್ತು ಎಂದು ಯಾರೂ ಲೆಕ್ಕ ಹಾಕುವುದಿಲ್ಲ.

ಶುಚಿತ್ವವನ್ನು ಈಮಾನಿನ ಭಾಗವೆಂದು ಮದ್ರಸದಲ್ಲಿ ಕಲಿತವರು ನಾವು. ಅದರ ಜೊತೆಗೇ ಇನ್ನೆರಡು ಮಾತು ಕಲಿತಿದ್ದೆವು: ನಿಯ್ಯತ್ ಮತ್ತು ರಿಯಾ. ನಿಯ್ಯತ್ ಎಂದರೆ ಮನಸ್ಸಿನ ಉದ್ದೇಶ. ರಿಯಾ ಎಂದರೆ ಜನ ನೋಡಲಿ ಎಂದು ಮಾಡುವ ಒಳ್ಳೆಯ ಕೆಲಸ. ರಿಯಾದಿಂದ ಮಾಡಿದ ನಮಾಜು ಕೂಡ ವ್ಯರ್ಥ ಎನ್ನುತ್ತಿದ್ದರು ನಮ್ಮ ಉಸ್ತಾದರು. ಪರೀಕ್ಷಕರು ಬರುವ ವಾರ ಸುಣ್ಣ ಬಳಿದು, ರೋಗಿಯ ಕಡೆಯವರನ್ನು ಹೊರಗಟ್ಟಿ, ಹೊಸ ಹಾಸು ಹಾಸಿ, ಅವರು ಹೋದ ಮರುದಿನ ಅದನ್ನು ಬೀರುವಿಗೆ ಸೇರಿಸುವುದು ರಿಯಾ ಅಲ್ಲದೆ ಇನ್ನೇನು? ಆದರೆ ಒಂದು ವ್ಯತ್ಯಾಸವನ್ನು ಒಪ್ಪಬೇಕು. ನಮಾಜಿನ ರಿಯಾದಿಂದ ಯಾರಿಗೂ ಲಾಭವಿಲ್ಲ. ತೋರಿಕೆಗೆ ತೊಳೆದ ಕೈಯಿಂದಲೂ ಅಂದಿನ ಮಟ್ಟಿಗೆ ಒಬ್ಬ ಬಾಣಂತಿ ಉಳಿದಾಳು. ಹಾಗಾಗಿ ಪ್ರಶಸ್ತಿಗಳನ್ನೇ ನಿಲ್ಲಿಸಿ ಎನ್ನುವ ಧೈರ್ಯ ನಮಗಿಲ್ಲ. ತೋರಿಕೆ ಅಭ್ಯಾಸವಾಗುವಂತೆ ಅಳತೆಯನ್ನು ಬದಲಿಸಿ ಎನ್ನುತ್ತೇವೆ.

ಹೇಗೆ? ನಮ್ಮ ಮನೆಗಳಲ್ಲಿ ಬಾಣಂತಿಗೆ ನಲವತ್ತು ದಿನದ ಚಿಲ್ಲಾ. ವೈದ್ಯಕೀಯ ಲೆಕ್ಕದಲ್ಲೂ ಹೆರಿಗೆಯಾಗಿ 42 ದಿನದೊಳಗೆ ಆ ಕಾರಣದಿಂದ ಬರುವ ಸಾವನ್ನು ತಾಯಿ ಸಾವೆಂದೇ ಎಣಿಸುತ್ತಾರೆ. ಅಜ್ಜಿಯಂದಿರ ಎಣಿಕೆಗೂ ವೈದ್ಯರ ಎಣಿಕೆಗೂ ಎರಡೇ ದಿನದ ಅಂತರ! ಪ್ರಶಸ್ತಿಯ ಪರೀಕ್ಷಕರು ಹೊಳೆಯುವ ನೆಲವನ್ನು ನೋಡಿ ಮುಗಿಸಿದ ಮೇಲೆ, ಆ ಆಸ್ಪತ್ರೆಯಲ್ಲಿ ಹೆತ್ತು 42 ದಿನ ದಾಟಿದ ಹೆಂಗಸರ ಮನೆಗೂ ಹೋಗಲಿ. ಗಾಯ ಕೀವಾಯಿತೇ, ಬೈದರೇ, ಹೊಡೆದರೇ, ದುಡ್ಡು ಕೇಳಿದರೇ, ಹೊರಗಿನಿಂದ ಔಷಧ ತರಿಸಿದರೇ ಎಂದು ಕೇಳಲಿ. ವಾರ್ಡಿನಲ್ಲಿ ನರ್ಸಿನ ಎದುರು ಕೇಳಿದರೆ ಯಾವ ಬಾಣಂತಿಯೂ ನಿಜ ಹೇಳುವುದಿಲ್ಲ. ಮನೆಯಲ್ಲಿ, ತೊಟ್ಟಿಲ ಪಕ್ಕ ಕೂತು ಕೇಳಿದರೆ ಹೇಳುತ್ತಾಳೆ. ಗುತ್ತಿಗೆಯ ಸಿಬ್ಬಂದಿಗೆ ತಿಂಗಳ ಸಂಬಳ ತಪ್ಪಿದ್ದರೆ ಅಂಕ ಕಡಿತವಾಗಲಿ. ಖಾಲಿ ಹುದ್ದೆ, ಕಳಪೆ ಔಷಧಕ್ಕೆ ಕಡಿತ ಮಾಡಬೇಕಾದ ಅಂಕ ಇಲಾಖೆಯ ಖಾತೆಗೆ ಹೋಗಲಿ.

ಓದುಗರಿಗೂ ಒಂದು ಕೆಲಸವಿದೆ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ನಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಸಲ ಯಾವಾಗ ಸೇರಿತು ಎಂದು ಹೋಗಿ ಕೇಳೋಣ. ಪ್ರಶಸ್ತಿಯ ಹಣ ಬಂದಿದ್ದರೆ ಸಿಬ್ಬಂದಿಯ ಕಾಲು ಪಾಲಿನಲ್ಲಿ ಆಯಾಗಳಿಗೆ ಎಷ್ಟು ಸೇರಿತು ಎಂದು ಕೇಳೋಣ. ಶಾಲು ಹೊದಿಸುವುದಕ್ಕಿಂತ ಇದು ಕಷ್ಟದ ಕೆಲಸ, ಫೋಟೋ ಕೂಡ ಬರುವುದಿಲ್ಲ.

ಅಂದು ಹುಟ್ಟಿದ ಮಗು ಈಗ ಅಂಗನವಾಡಿಗೆ ಹೋಗುತ್ತದೆ. ತಂಗಿ ಆಗಾಗ ಅದನ್ನು ಎತ್ತಿಕೊಂಡು, “ಐನೂರು ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದ ಚಿನ್ನ ಇದು” ಎಂದು ನಗುತ್ತಾಳೆ. ಮನೆಯವರೆಲ್ಲ ನಗುತ್ತೇವೆ. ನಗುವಾಗಲೆಲ್ಲ ನಮಗೆ ಬಾಗಿಲ ಸಂದಿಯಿಂದ ಚಾಚಿದ ಆ ಕೈ ಕಾಣುತ್ತದೆ. ಸಂಜೆಯಿಂದ ಫಿನೈಲಿನ ನೀರಿನಲ್ಲಿದ್ದು ಬೆರಳ ತುದಿಗಳು ಸುಕ್ಕಾಗಿದ್ದವು.